ಹಿಂದಕ್ಕೆ 4.10 ಹಾಕಿಸುವ ಮುಂಚೆ: ಹಳೇ ಶೆವೆಲ್‌ಗೆ ಗೇರು, ಆಕ್ಸಲ್ ಆರಿಸುವುದು ಹೇಗೆ?

ಮಸಲ್ ಕಾರು (1960-70ರ ದಶಕದ, ದೊಡ್ಡ ಎಂಜಿನ್‌ನ ಅಮೆರಿಕನ್ ಕಾರು) ಹೊಸದಾಗಿ ಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: "ಹಿಂದಕ್ಕೆ 4.10 ಹಾಕಿಸಿಬಿಡಲಾ?" 4.10 ಅನ್ನುವುದು ಹಿಂದಿನ ಆಕ್ಸಲ್‌ನ ಗೇರಿನ ರೇಶಿಯೋ (ಅನುಪಾತ). ನಾನು ಬೇಡ ಅನ್ನುತ್ತೇನೆ. ಕಾರಿನಲ್ಲಿ ಈಗ ಏನಿದೆ ಅಂತ ನೋಡದೆ, ಎಲ್ಲಿ ಓಡಿಸುತ್ತೀರಿ ಅಂತ ಯೋಚಿಸದೆ ಗೇರು ಬದಲಿಸಿದರೆ ದುಡ್ಡು ದಂಡ. ಕಾರೂ ಹಾಳು.

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕ. ನನ್ನದು ಶೆವರ್ಲೆ ಕಂಪನಿಯ 1969ರ ಶೆವೆಲ್ ಎಸ್‌ಎಸ್ 396. 350 ಹಾರ್ಸ್‌ಪವರ್‌ನ ಎಲ್34 ಎಂಜಿನ್, ನಾಲ್ಕು ಗೇರಿನ ಮನ್ಸಿ ಗೇರ್‌ಬಾಕ್ಸ್, ಹಿಂದೆ 12 ಬೋಲ್ಟ್ ಆಕ್ಸಲ್ (ಒಳಗಿನ ಕ್ರೌನ್ ಅನ್ನುವ ದೊಡ್ಡ ಹಲ್ಲುಚಕ್ರವನ್ನು 12 ಬೋಲ್ಟ್ ಹಿಡಿದಿರುತ್ತವೆ). ಹಾಗಾಗಿ ಇಲ್ಲಿನ ಉದಾಹರಣೆಗಳೆಲ್ಲ ಶೆವರ್ಲೆಯವು. ಫೋರ್ಡ್, ಡಾಡ್ಜ್ ಇಟ್ಟವರಿಗೂ ಲೆಕ್ಕ ಅದೇ, ಕೋಡ್‌ಗಳು ಮಾತ್ರ ಬೇರೆ.

ಮೊದಲು ಲೆಕ್ಕ

ಆಕ್ಸಲ್ ರೇಶಿಯೋ 3.31 ಅಂದರೆ ಡ್ರೈವ್‌ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಉದ್ದದ ದಂಡ) 3.31 ಸುತ್ತು ಸುತ್ತಿದಾಗ ಹಿಂದಿನ ಚಕ್ರ ಒಂದು ಸುತ್ತು ಸುತ್ತುತ್ತದೆ. ನಂಬರು ದೊಡ್ಡದಾದಷ್ಟೂ ಕಾರು ಜೋರಾಗಿ ಎಗರುತ್ತದೆ, ಹೈವೇಯಲ್ಲಿ ಎಂಜಿನ್ ಅಷ್ಟೇ ಕಿರುಚುತ್ತದೆ. ಎಷ್ಟು ಅಂತ ತಿಳಿಯಲು ಸುಲಭದ ದಾರಿ ಇದೆ. ಗಂಟೆಗೆ ಎಷ್ಟು ಮೈಲಿ ಹೋಗುತ್ತೀರೋ ಅದನ್ನು ಆಕ್ಸಲ್ ರೇಶಿಯೋದಿಂದ ಗುಣಿಸಿ. ಬಂದದ್ದನ್ನು 336ರಿಂದ ಗುಣಿಸಿ. ಆಮೇಲೆ ಟೈರಿನ ಎತ್ತರ ಎಷ್ಟು ಇಂಚೋ ಅದರಿಂದ ಭಾಗಿಸಿ. ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅಂತ ಸಿಗುತ್ತದೆ.

ನನ್ನ ಕಾರಿಗೆ ಕಾರ್ಖಾನೆಯಿಂದ ಬಂದ ಅಳತೆ ಎಫ್70-14. ಅದಕ್ಕೆ ಹತ್ತಿರದ ಈಗಿನ ಅಳತೆ 225/70ಆರ್14, ಎತ್ತರ 26.4 ಇಂಚು. ಇಲ್ಲಿನ ಫ್ರೀವೇಗಳಲ್ಲಿ ಸಾಮಾನ್ಯವಾಗಿ 70 ಮೈಲಿ ಮಿತಿ. ಆ ವೇಗದಲ್ಲಿ 3.31 ಇದ್ದರೆ ಸುಮಾರು 2,950 ಸುತ್ತು. 3.73 ಇದ್ದರೆ 3,320. 4.10 ಇದ್ದರೆ 3,650. ಒಂದು ಗಂಟೆ ಹಾಗೆ ಓಡಿಸಿ ನೋಡಿ, ಪಕ್ಕದಲ್ಲಿ ಕೂತವರ ಜೊತೆ ಮಾತೂ ಆಡಲಾಗುವುದಿಲ್ಲ. ಎಲ್34ರ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 415 ಪೌಂಡ್-ಅಡಿ, ಅದು ಸಿಗುವುದು 3,400 ಸುತ್ತಿನಲ್ಲಿ. ಇಷ್ಟು ಟಾರ್ಕ್ ಇರುವ ದೊಡ್ಡ ಎಂಜಿನ್‌ಗೆ ಮೇಲೇಳಲು 4.10ರ ಸಹಾಯ ಬೇಕಿಲ್ಲ. ಅದು ಡ್ರ್ಯಾಗ್ ಸ್ಟ್ರಿಪ್‌ಗೆ (ನೇರ ಓಟದ ರೇಸ್ ಪಟ್ಟಿಗೆ) ಹೋಗುವವರ ಗೇರು. ಚಿಕ್ಕ ಎಂಜಿನ್‌ಗೆ ರೇಸ್ ಥರದ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹಾಕಿ, ಕೆಳಗಿನ ಸುತ್ತಿನಲ್ಲಿ ಉಸಿರೇ ಇಲ್ಲದಂತೆ ಮಾಡಿಕೊಂಡವರಿಗೂ ಬೇಕಾಗಬಹುದು.

ಗೇರ್‌ಬಾಕ್ಸ್, ಆಕ್ಸಲ್ ಒಂದು ಜೋಡಿ

ಇದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಆಕ್ಸಲ್ ಒಂದನ್ನೇ ನೋಡಬೇಡಿ. ಮೊದಲನೇ ಗೇರಿನ ರೇಶಿಯೋ ಮತ್ತು ಆಕ್ಸಲ್ ರೇಶಿಯೋ ಎರಡನ್ನೂ ಗುಣಿಸಿ ನೋಡಿ.

ಮನ್ಸಿಯಲ್ಲಿ ಎಂ20, ಎಂ21, ಎಂ22 ಅಂತ ಮೂರು ಬಗೆ. ಆ ಕಾಲದ ಎಂ20ರ ಮೊದಲ ಗೇರು 2.52. ಎಂ21 ಮತ್ತು ಎಂ22ರಲ್ಲಿ 2.20. ಎಂ20ಕ್ಕೆ 3.31 ಜೋಡಿಸಿ ಗುಣಿಸಿದರೆ 8.3 ಬರುತ್ತದೆ. ಎಂ21ಕ್ಕೆ 3.73 ಜೋಡಿಸಿದರೆ 8.2. ಅಂದರೆ ಸಿಗ್ನಲ್‌ನಿಂದ ಹೊರಡುವಾಗ ಎರಡೂ ಕಾರು ಹೆಚ್ಚುಕಮ್ಮಿ ಒಂದೇ! ಆದರೆ ಫ್ರೀವೇಯಲ್ಲಿ ಎಂ20 ಕಾರು ನಿಮಿಷಕ್ಕೆ 370 ಸುತ್ತು ಕಡಿಮೆ ಸುತ್ತುತ್ತದೆ. ರಸ್ತೆಗೆ ನನ್ನ ಆಯ್ಕೆ ಯಾವತ್ತೂ ಎಂ20 ಮತ್ತು 3.31. ಸ್ವಲ್ಪ ಜಾಸ್ತಿ ಚುರುಕು ಬೇಕಾದರೆ 3.55, ಆಗ 8.9 ಬರುತ್ತದೆ. ಎಂ21ಕ್ಕೆ 3.31 ಹಾಕಿದರೆ 7.3 ಮಾತ್ರ. ಪ್ರತಿ ಸಿಗ್ನಲ್‌ನಲ್ಲೂ ಕ್ಲಚ್ ಸುಡುವ ವಾಸನೆ ಬರುತ್ತದೆ. ಎಂ22 ಹೆಸರು ಕೇಳಿದರೆ ಎಲ್ಲರಿಗೂ ಆಸೆ. ಅದರ ಹಲ್ಲುಗಳ ಓರೆ ಕಡಿಮೆ, ಹಾಗಾಗಿ ಗಟ್ಟಿ, ಗಲಾಟೆಯೂ ಜಾಸ್ತಿ. ರೇಸ್ ಇಲ್ಲದಿದ್ದರೆ ಅದಕ್ಕೆ ಸುರಿಯುವ ದುಡ್ಡು ಉಳಿಸಿ.

ಆಟೊಮ್ಯಾಟಿಕ್ ಇದ್ದವರಿಗೆ ಚಿಂತೆ ಕಡಿಮೆ. ಆಗಿನ ಆಟೊಮ್ಯಾಟಿಕ್ ಬಾಕ್ಸ್ ಟರ್ಬೊ 400ರ ಮೊದಲ ಗೇರು 2.48. ಹೊರಡುವಾಗ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲಿಗೆ ಇರುವ ಭಾಗ) ಕೂಡ ಎಳೆತ ಹೆಚ್ಚಿಸುತ್ತದೆ. 3.31, ಅಷ್ಟೇ ಯಾಕೆ, 3.08 ಇದ್ದರೂ ಸಾಕು.

ಚುರುಕೂ ಬೇಕು, ಫ್ರೀವೇಯಲ್ಲಿ ಸುತ್ತೂ ಕಡಿಮೆ ಇರಬೇಕು ಅನ್ನುವವರಿಗೆ ಓವರ್‌ಡ್ರೈವ್ (ಎಂಜಿನ್ ಸುತ್ತು ಇಳಿಸುವ ಕೊನೆಯ ಗೇರು) ಇರುವ ಐದು ಗೇರಿನ ಬಾಕ್ಸ್ ಇದೆ. ಐದನೇ ಗೇರು 0.68 ಇದ್ದರೆ, 3.73 ಆಕ್ಸಲ್‌ನಲ್ಲೂ 70 ಮೈಲಿಗೆ ಬರೀ 2,260 ಸುತ್ತು. ಫ್ಲೋರ್ ಕತ್ತರಿಸದೆ ಕೂರುವಂಥದ್ದನ್ನೇ ಆರಿಸಿ. ಮೂಲದ ಮನ್ಸಿಯನ್ನು ಮಾತ್ರ ದಯವಿಟ್ಟು ಮಾರಬೇಡಿ. ಒರೆಸಿ, ಎಣ್ಣೆ ಹಚ್ಚಿ, ಸುತ್ತಿ ಇಡಿ. ಅದರ ಮೇಲೆ ನಿಮ್ಮ ಕಾರಿನ ನಂಬರಿದೆ. ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ.

ಈಗ ಏನಿದೆ ಅಂತ ಓದುವುದು

ಕಾರು ಎತ್ತಿ, ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ. ಬಲಬದಿಯ ಆಕ್ಸಲ್ ಟ್ಯೂಬಿನ ಮುಂಭಾಗಕ್ಕೆ, ನಡುವಿನ ದುಂಡನೆಯ ಉಬ್ಬಿಗೆ ಹತ್ತಿರ, ಬೆಳಕು ಬಿಡಿ. ಅಲ್ಲಿ 50 ವರ್ಷಕ್ಕೂ ಹಳೆಯ ಜಿಡ್ಡು, ತುಕ್ಕು, ಯಾರೋ ಬಳಿದ ಕಪ್ಪು ಬಣ್ಣ ಇರುತ್ತದೆ. ಗ್ರೈಂಡರ್ ಹಿಡಿಯಬೇಡಿ. ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಿನ ಹಿತ್ತಾಳೆ ಬ್ರಷ್‌ನಲ್ಲಿ ನಿಧಾನವಾಗಿ ಉಜ್ಜಿ. ಒಣಗಿದ ಮೇಲೆ ಸೀಮೆಸುಣ್ಣ ಅಡ್ಡ ಹಿಡಿದು ತಿಕ್ಕಿ. ಅಕ್ಷರಗಳು ಬಿಳಿಯ ನಡುವೆ ಕಪ್ಪಗೆ ಏಳುತ್ತವೆ. ಎರಡಕ್ಷರದ ಕೋಡ್ ರೇಶಿಯೋ ಹೇಳುತ್ತದೆ. ಜೊತೆಗೆ ತಿಂಗಳು, ತಾರೀಖು, ಕಾರ್ಖಾನೆಯ ಅಕ್ಷರ ಇರುತ್ತವೆ. ಪಾಸಿಟ್ರ್ಯಾಕ್ಷನ್ (ಹಿಂದಿನ ಎರಡೂ ಚಕ್ರಕ್ಕೆ ಎಳೆತ ಕೊಡುವ ಏರ್ಪಾಡು) ಇದ್ದರೆ ಸಾಮಾನ್ಯವಾಗಿ ಈಟನ್ ಕಂಪನಿಯ ಇ ಅಕ್ಷರವೂ ಸಿಗುತ್ತದೆ. ವರ್ಷ ಮಾತ್ರ ಅಲ್ಲಿರುವುದಿಲ್ಲ. ಅದಕ್ಕೆ ನಡುವಿನ ಎರಕದ ಮೇಲಿನ ದಿನಾಂಕ ನೋಡಿ. ಬಿ 14 9 ಅಂದರೆ 1969ರ ಫೆಬ್ರವರಿ 14.

ಟ್ಯೂಬಿನ ಕೋಡ್ ಏನೇ ಹೇಳಲಿ, ಒಳಗಿನ ಗೇರು ಯಾರಾದರೂ ಬದಲಿಸಿರಬಹುದು. ಆಕ್ಸಲ್‌ನ ಹಿಂದಿನ ಕವರ್ ಬಿಚ್ಚಿ, ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ ಪಿನಿಯನ್, ಎರಡರ ಹಲ್ಲೂ ಎಣಿಸಿ. ಕ್ರೌನ್‌ಗೆ 43, ಪಿನಿಯನ್‌ಗೆ 13 ಇದ್ದರೆ 3.31. 39ಕ್ಕೆ 11 ಆದರೆ 3.55. 41ಕ್ಕೆ 11 ಆದರೆ 3.73. 41ಕ್ಕೆ 10 ಆದರೆ 4.10.

ಮನ್ಸಿಯ ಮೇಲೂ ಹೀಗೇ ಬರೆದಿರುತ್ತದೆ. ಪಿ9ಸಿ05ಬಿ ಅಂದರೆ ಮನ್ಸಿ, 1969, ಮಾರ್ಚ್ 5, ಎಂ21. ಕೊನೆಯ ಅಕ್ಷರ ಎ ಆದರೆ ಎಂ20, ಸಿ ಆದರೆ ಎಂ22. ಬಾಕ್ಸ್ ಹೊರಗಿದ್ದರೆ ಮೊದಲನೇ ಗೇರಿಗೆ ಹಾಕಿ. ಹಿಂದಿನ ಶಾಫ್ಟ್ ಒಂದು ಸುತ್ತು ಬರಲು ಮುಂದಿನದು ಎರಡೂವರೆ ಸುತ್ತು ತೆಗೆದುಕೊಂಡರೆ ಎಂ20. ಎರಡು ಸುತ್ತಿಗಿಂತ ಚೂರು ಜಾಸ್ತಿ ಅಷ್ಟೇ ಆದರೆ ಎಂ21 ಅಥವಾ ಎಂ22.

ದಿನಾಂಕಗಳೆಲ್ಲ ಕಾರು ತಯಾರಾದ ದಿನಕ್ಕಿಂತ ಹಿಂದಿನವಾಗಿರಬೇಕು, ಅಲ್ವಾ? ಫೈರ್‌ವಾಲ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಮೇಲಿನ ತಗಡಿನಲ್ಲಿ 03ಬಿ ಅಂತಿದ್ದರೆ ಅದು ಮಾರ್ಚ್ ಎರಡನೇ ವಾರದ ಕಾರು. ಅದರಲ್ಲಿ ಮೇ ತಿಂಗಳ ಆಕ್ಸಲ್ ಮೂಲದ್ದಾಗಲು ಸಾಧ್ಯವೇ ಇಲ್ಲ. ಇನ್ನೊಂದು ವಿಷಯ. 1969ರಲ್ಲಿ ಎಸ್‌ಎಸ್ ಅನ್ನುವುದು ಒಂದು ಆಪ್ಷನ್ ಮಾತ್ರ, ವಿಐಎನ್ (ಕಾರಿನ ಗುರುತು ಸಂಖ್ಯೆ) ನೋಡಿ ಗೊತ್ತಾಗುವುದಿಲ್ಲ. ಬಿಲ್ಡ್ ಶೀಟ್ (ಕಾರಿಗೆ ಏನೇನು ಹಾಕಬೇಕು ಅಂತ ಕಾರ್ಖಾನೆಯಲ್ಲಿ ಬರೆದ ಹಾಳೆ) ಅಥವಾ ವಾರಂಟಿ ಪುಸ್ತಕದ ಪ್ರೊಟೆಕ್ಟ್-ಒ-ಪ್ಲೇಟ್ (ಕಾರಿನ ವಿವರ ಒತ್ತಿದ ಲೋಹದ ತಗಡು) ಇದ್ದರೆ ಅದು ಬಂಗಾರ. ಬಿಲ್ಡ್ ಶೀಟ್ ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಕ್ಕಿದೆ.

ಕೊಳ್ಳುವಾಗ

ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಂಥ ಸ್ವಾಪ್ ಮೀಟ್‌ಗಳಲ್ಲಿ (ಹಳೇ ಬಿಡಿಭಾಗಗಳ ಸಂತೆ) ಆಕ್ಸಲ್ ಸಾಲುಸಾಲಾಗಿ ಬಿದ್ದಿರುತ್ತವೆ. ಹೊಸ ಬಣ್ಣ ಬಳಿದದ್ದನ್ನು ನಾನು ಕೊಳ್ಳುವುದಿಲ್ಲ. ಕವರಿನ ಬೋಲ್ಟ್ ಎಣಿಸಿ 12 ಇದೆ ಅಂತ ದುಡ್ಡು ಕೊಡಬೇಡಿ. ಓಲ್ಡ್ಸ್‌ಮೊಬೈಲ್‌ನ ಒಂದು ಆಕ್ಸಲ್‌ಗೆ ಕವರಿನಲ್ಲಿ 12, ಒಳಗೆ ಕ್ರೌನ್‌ನಲ್ಲಿ 10 ಬೋಲ್ಟ್. ಶೆವಿ ಟ್ರಕ್ಕಿನ 12 ಬೋಲ್ಟ್ ಬೇರೆ, ಕಾರಿನದು ಬೇರೆ. ಎರಡರ ಗೇರು ಅದಲುಬದಲಾಗುವುದಿಲ್ಲ. ಕ್ಯಾಮರೊ, ನೋವಾ ಆಕ್ಸಲ್‌ಗೆ ಲೀಫ್ ಸ್ಪ್ರಿಂಗಿನ ಪಟ್ಟಿ ಇರುತ್ತದೆ. ಶೆವೆಲ್‌ದಕ್ಕೆ ನಡುವಿನ ಎರಕದ ಮೇಲೆ ಎರಡು ಕಿವಿ, ಕಂಟ್ರೋಲ್ ಆರ್ಮ್ (ಆಕ್ಸಲ್ ಹಿಡಿಯುವ ತೋಳು) ಕೂರಲು. ಆ ಕಿವಿಗಳಲ್ಲಿ ಬಿರುಕು ಇದೆಯಾ ಅಂತ ಬೆರಳಾಡಿಸಿ ನೋಡಿ.

ಕ್ಯಾರಿಯರ್ (ಕ್ರೌನ್ ಕೂರುವ ಭಾಗ) ಯಾವುದು ಅಂತಲೂ ಕೇಳಿ. 3.08ರಿಂದ 3.73ರವರೆಗೆ ಒಂದು, 4.10ರಿಂದ ಮೇಲೆ ಇನ್ನೊಂದು. 3.73ರ ಪಾಸಿಟ್ರ್ಯಾಕ್ಷನ್‌ಗೆ ಸಾಧಾರಣ 4.10 ಕ್ರೌನ್ ತಂದರೆ ಪಿನಿಯನ್‌ಗೆ ಮುಟ್ಟುವುದೇ ಇಲ್ಲ. ದಪ್ಪ ಕ್ರೌನ್ ಬೇಕಾಗುತ್ತದೆ. ಹಳೇ ಸೆಟ್ ಕೊಂಡರೆ ಕ್ರೌನ್, ಪಿನಿಯನ್ ಎರಡರ ಮೇಲೂ ಒಂದೇ ಜೋಡಿ ನಂಬರು ಕೆತ್ತಿರಬೇಕು. ಬೇರೆ ಬೇರೆ ಸೆಟ್ಟಿನವನ್ನು ಕೂಡಿಸಿದರೆ ಜೀವನಪೂರ್ತಿ ಗುಂಯ್ ಅನ್ನುತ್ತದೆ. ಹಲ್ಲು ಚೆನ್ನಾಗಿರುವ ಹಳೇ ಜಿಎಂ (ಶೆವರ್ಲೆಯ ಮಾತೃ ಕಂಪನಿ) ಸೆಟ್ ಸಿಕ್ಕರೆ ಹೊಸದಕ್ಕಿಂತ ನಾನು ಅದನ್ನೇ ಹಾಕುತ್ತೇನೆ. ಸದ್ದೇ ಇರುವುದಿಲ್ಲ.

ಕೂರಿಸುವ ಕೆಲಸ ಗೊತ್ತಿದ್ದವರಿಗೇ ಬಿಡಿ. ಆದರೆ ಕವರ್ ಮುಚ್ಚುವ ಮುಂಚೆ ಹಳದಿ ಪೇಸ್ಟ್ ಹಚ್ಚಿದ ಹಲ್ಲಿನ ಗುರುತು ತೋರಿಸಿ ಅಂತ ಕೇಳಿ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಎಷ್ಟು ಬಂತು ಅಂತಲೂ ಕೇಳಿ, ಒಂದು ಇಂಚಿನ ಸಾವಿರ ಭಾಗದಲ್ಲಿ 6ರಿಂದ 10ರೊಳಗೆ ಇರಬೇಕು. ಪಾಸಿಟ್ರ್ಯಾಕ್ಷನ್‌ಗೆ ಎಣ್ಣೆಯ ಜೊತೆ ಫ್ರಿಕ್ಷನ್ ಮಾಡಿಫೈಯರ್ (ತಿಕ್ಕಾಟ ತಗ್ಗಿಸುವ ದ್ರವ) ಬೇಕೇ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಅದರೊಳಗಿನ ಕ್ಲಚ್ ಪ್ಲೇಟುಗಳು ಒದರುತ್ತವೆ. ಮನ್ಸಿಗೆ ಜಿಎಲ್-4 ದರ್ಜೆಯ ಗೇರ್ ಎಣ್ಣೆ ಹಾಕಿ. ಹೊಸ ಗೇರಾದರೆ ಮೊದಲು 15-20 ನಿಮಿಷ ಮೆಲ್ಲಗೆ ಓಡಿಸಿ, ಪೂರ್ತಿ ಆರಲು ಬಿಡಿ. 500 ಮೈಲಿಗೆ ಎಣ್ಣೆ ಬದಲಿಸಿ. ಗೇರ್‌ಬಾಕ್ಸಿನ ಬಾಲದಲ್ಲಿರುವ ಸ್ಪೀಡೊಮೀಟರ್ ಗೇರನ್ನೂ ಹೊಸ ರೇಶಿಯೋಗೆ ತಕ್ಕಂತೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ 3.31 ತೆಗೆದು 3.73 ಹಾಕಿದ ಕಾರು 62ರಲ್ಲಿ ಹೋಗುತ್ತಿದ್ದರೂ ಮುಳ್ಳು 70 ತೋರಿಸುತ್ತದೆ.