ಬುದ್ಧಿಹಲ್ಲು ಕೀಳಿಸಲು ಎಷ್ಟು ಹೊತ್ತು ಎತ್ತಿಡಬೇಕು?

ದಂತವೈದ್ಯರ ಕುರ್ಚಿಯ ಪಕ್ಕದಲ್ಲಿ ನಿಂತು, ಬಾಯಲ್ಲಿ ತುಂಬುವ ನೀರು-ರಕ್ತ ಹೀರುವ ಕೊಳವೆ ಹಿಡಿಯುವುದು ನನ್ನ ಕೆಲಸ. ಫೋನ್ ಎತ್ತುವುದೂ ನಾನೇ. ಬುದ್ಧಿಹಲ್ಲಿನವರು ಮೊದಲು ಕೇಳುವುದೇ ಎಷ್ಟು ಹೊತ್ತಾಗುತ್ತದೆ ಎಂದು. ಎಕ್ಸ್‌ರೇ ನೋಡದೆ ಇದಕ್ಕೆ ಉತ್ತರ ಹೇಳುವವರನ್ನು ನಂಬಬೇಡಿ.

ಎರಡೂ ದವಡೆಗಳು ಒಂದೇ ಚಿತ್ರದಲ್ಲಿ ಕಾಣುವ ಓಪಿಜಿ ಎಕ್ಸ್‌ರೇ ತೆಗೆಸಿಕೊಂಡು ವೈದ್ಯರ ಮುಂದೆ ಕುಳಿತುಕೊಳ್ಳಿ. ಹಲ್ಲು ನೆಟ್ಟಗಿದೆಯೋ ವಾಲಿದೆಯೋ, ಬೇರು ಕೊಂಕಾಗಿದೆಯೇ, ಕೆಳದವಡೆಯ ನರಕ್ಕೆ ಎಷ್ಟು ಹತ್ತಿರವಿದೆ ಎಂದು ಕೇಳಿ. ಪೂರ್ತಿ ಹೊರಬಂದು ನೆಟ್ಟಗೆ ನಿಂತ ಹಲ್ಲಾದರೆ ಸಾಮಾನ್ಯವಾಗಿ 10ರಿಂದ 20 ನಿಮಿಷ ಸಾಕು. ಮೇಲಿನದಂತೂ ಇನ್ನೂ ಬೇಗ ಬರುತ್ತದೆ, ಅಲ್ಲಿನ ಮೂಳೆ ಅಷ್ಟು ಗಟ್ಟಿಯಲ್ಲ. ಕೆಳದವಡೆಯೊಳಗೆ ಅಡ್ಡಡ್ಡ ಮಲಗಿದ ಹಲ್ಲಿಗೆ 30ರಿಂದ 60 ನಿಮಿಷ ಹಿಡಿಯಬಹುದು. ನಾಲ್ಕು ಬುದ್ಧಿಹಲ್ಲುಗಳನ್ನೂ ಒಂದೇ ಸಲ ತೆಗೆಯುವುದಾದರೆ ಒಂದು, ಒಂದೂವರೆ ಗಂಟೆ. 20ರ ವಯಸ್ಸಿನ ಆಸುಪಾಸಿನಲ್ಲಿ ಸಲೀಸಾಗಿ ಬರುವ ಹಲ್ಲು 40 ದಾಟಿದ ಮೇಲೆ ಹಟ ಹಿಡಿಯುವುದುಂಟು. ಹಾಗೆಂದು ತೊಂದರೆ ಕೊಡದ ಹಲ್ಲನ್ನು ಅವಸರವಾಗಿ ಕೀಳಿಸುವುದು ನನಗೆ ಸರಿಕಾಣುವುದಿಲ್ಲ.

ಇದು ಕೀಳುವ ಹೊತ್ತು ಮಾತ್ರ. ಬಾಯಿ ಮರಗಟ್ಟಿಸುವ ಚುಚ್ಚುಮದ್ದು ಹಿಡಿಯಲು 5–10 ನಿಮಿಷ ಬೇಕು. ಕೆಳತುಟಿ ದಪ್ಪಗಾದಂತೆ ಅನಿಸಿತೇ ಎಂದು ನಾವು ಮತ್ತೆ ಮತ್ತೆ ಕೇಳುವುದು ಅದಕ್ಕೇ. ಸಿಕ್ಕಿಕೊಂಡ ಹಲ್ಲಾದರೆ ವಸಡು ಸೀಳಿ, ಮೇಲಿನ ಮೂಳೆಯನ್ನು ತುಸು ಕೊರೆದು, ನೀರು ಚಿಮ್ಮಿಸುತ್ತಾ ಹಲ್ಲನ್ನೇ ಎರಡು ಮೂರು ತುಂಡು ಮಾಡುತ್ತಾರೆ. ಆಗ ಕಿವಿಯ ಬುಡದಲ್ಲೇ ಟಕ್ ಎಂದು ಸದ್ದಾಗುತ್ತದೆ. ದವಡೆಯೇ ಮುರಿಯಿತೆಂದು ಬೆಚ್ಚಿ ನನ್ನ ಕೈ ಹಿಡಿದವರೆಷ್ಟೋ ಮಂದಿ! ಮುರಿದದ್ದು ಹಲ್ಲು. ಒತ್ತಿದಂತೆ, ಜಗ್ಗಿದಂತೆ ಅನಿಸುವುದು ಸಹಜ. ಚುಚ್ಚಿದಂತೆ ನೋವಾದರೆ ಮಾತ್ರ ಕೈ ಎತ್ತಿ, ಇನ್ನಷ್ಟು ಮದ್ದು ಕೊಡುತ್ತಾರೆ. ಮೂಗಿನಲ್ಲೇ ಉಸಿರಾಡಿ. ಹೊಲಿಗೆ ಹಾಕಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಟ್ಟೆ ಕಚ್ಚಿಕೊಂಡಿರಬೇಕು. ಒಟ್ಟಿನಲ್ಲಿ ಒಂದು ಹಲ್ಲಿಗೆ ಎರಡು ಗಂಟೆ ಎತ್ತಿಡಿ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವನ್ನು ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬರೀ ಚುಚ್ಚುಮದ್ದಾದರೆ ಊಟ ಮಾಡಿಯೇ ಬನ್ನಿ. ನಿದ್ರೆ ಬರಿಸಿ ಕೀಳುವುದಾದರೆ ಎಷ್ಟು ಹೊತ್ತು ಉಪವಾಸವಿರಬೇಕೆಂದು ವೈದ್ಯರು ಹೇಳುತ್ತಾರೆ. ಜೊತೆಗೊಬ್ಬರು ಬೇಕು, ಅಂದು ನೀವು ವಾಹನ ಓಡಿಸುವಂತಿಲ್ಲ.

ಜನ ಲೆಕ್ಕಕ್ಕೇ ಹಿಡಿಯದಿರುವುದು ಆಮೇಲಿನ ದಿನಗಳನ್ನು. ಮರಗಟ್ಟುವಿಕೆ ಕೆಲವು ಗಂಟೆ ಇರುತ್ತದೆ, ಅಷ್ಟರೊಳಗೆ ಏನನ್ನೂ ಜಗಿಯಬೇಡಿ. ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಮೊದಲ 24 ಗಂಟೆ ಬಾಯಿ ಮುಕ್ಕಳಿಸುವುದು, ಜೋರಾಗಿ ಉಗುಳುವುದು, ಸ್ಟ್ರಾ ಹೀರುವುದು ಬೇಡ. ಸಿಗರೇಟಿನ ಸುದ್ದಿಗೆ ಇನ್ನೂ ಕೆಲವು ದಿನ ಹೋಗಬೇಡಿ. ಗುಳಿಯಲ್ಲಿ ಕಟ್ಟಿದ ಹೆಪ್ಪು ಕಿತ್ತುಬಂದರೆ ಮೂಳೆ ಬಯಲಾಗುತ್ತದೆ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಒಳ್ಳೆಯದು. ಊತ ಎರಡು ಮೂರನೆಯ ದಿನ ಏರಿ ಆಮೇಲೆ ಇಳಿಯುತ್ತದೆ, ಬಾಯಿಯೂ ಪೂರ್ತಿ ತೆರೆಯದು. ತಾನಾಗಿ ಕರಗದ ಹೊಲಿಗೆಯನ್ನು ಸುಮಾರು ಒಂದು ವಾರಕ್ಕೆ ಬಿಚ್ಚುತ್ತಾರೆ. ಪರೀಕ್ಷೆ, ಪ್ರಯಾಣ ಇರುವ ವಾರವನ್ನು ಆರಿಸಲೇಬೇಡಿ.

ಕಡಿಮೆಯಾಗುತ್ತಿದ್ದ ನೋವು ಮೂರು ನಾಲ್ಕನೆಯ ದಿನ ಕಿವಿಯವರೆಗೆ ಏರಿ, ಬಾಯಿ ವಾಸನೆ ಬಂದರೆ ಮಾತ್ರೆ ನುಂಗುತ್ತಾ ಕೂರದೆ ಫೋನ್ ಮಾಡಿ. ಗುಳಿ ತೊಳೆದು ಮದ್ದು ತುಂಬಿದರೆ ನೋವು ಹತೋಟಿಗೆ ಬರುತ್ತದೆ. ಜ್ವರ ಬಂದರೆ, ತುಟಿಯ ಜೋಮು ಮರುದಿನವೂ ಬಿಡದಿದ್ದರೆ ಅದನ್ನೂ ಹೇಳಿ. ಬಟ್ಟೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ ನನ್ನ ಫೋನಿಗೂ ಕಾಯದೆ ನೇರ ಆಸ್ಪತ್ರೆಗೆ ಹೋಗಿ.