ಎದೆಹಾಲು ಹೆಚ್ಚಬೇಕೇ? ರಾತ್ರಿಯ ಸರದಿ ತಪ್ಪಿಸಬೇಡಿ

ಹೆರಿಗೆಯಾಗಿ ಎರಡು ದಿನ ಕಳೆಯುವಷ್ಟರಲ್ಲಿ ‘ಹಾಲು ಸಾಲ್ತಿಲ್ಲ, ಪುಡಿ ಹಾಲು ತರಿಸೋಣ’ ಎಂಬ ಮಾತು ಬಾಣಂತಿಯ ಕಿವಿಗೆ ಬೀಳುತ್ತದೆ. ಡಬ್ಬಿ ಒಡೆಯುವ ಮೊದಲು ಹಾಲು ಹುಟ್ಟುವ ಬಗೆಯನ್ನು ಮನೆಮಂದಿಯೆಲ್ಲ ತಿಳಿದುಕೊಳ್ಳಬೇಕು.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸ್ರವಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನಿಂದ ಎದೆಯಲ್ಲಿ ಹಾಲು ತಯಾರಾಗುತ್ತದೆ. ಬಸುರಿನಲ್ಲೇ ಇದರ ಮಟ್ಟ ಏರಿರುತ್ತದೆ. ಆದರೂ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನು ಹಾಲನ್ನು ತಡೆದಿರುತ್ತದೆ. ಮಾಸು ಬಿದ್ದ ಮೇಲೆ ಆ ತಡೆ ಇಳಿದು, 2ರಿಂದ 4 ದಿನಗಳಲ್ಲಿ ಎದೆ ತುಂಬುತ್ತದೆ. ಅಲ್ಲಿಯವರೆಗೆ ಬರುವ ಗಟ್ಟಿ ಹಳದಿ ಹಾಲು ಕೆಲವೇ ಚಮಚದಷ್ಟಿದ್ದರೂ ಹಸುಗೂಸಿಗೆ ಸಾಮಾನ್ಯವಾಗಿ ಸಾಕು. ಅದನ್ನು ಹಿಂಡಿ ಚೆಲ್ಲಬೇಡಿ.

ಮೊದಲ ಕೆಲಸ, ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿಕೊಳ್ಳುವುದು. ಜೇನುತುಪ್ಪ, ಸಕ್ಕರೆ ನೀರು ಬೇಡವೇ ಬೇಡ.

ಆಮೇಲೆ ದಿನಕ್ಕೆ 8ರಿಂದ 12 ಸಲ ಕುಡಿಸಿ. ಮಗು ಚೀಪಿದಾಗಲೆಲ್ಲ ಪ್ರೊಲ್ಯಾಕ್ಟಿನ್ ಮೇಲೇರುತ್ತದೆ, ಮುಂದಿನ ಸರದಿಯ ಹಾಲಿಗೆ ಅದೇ ಸಿದ್ಧತೆ. ಈ ಹಾರ್ಮೋನು ರಾತ್ರಿ ಹೆಚ್ಚು. ಹಾಗಾಗಿ ‘ತಾಯಿ ಮಲಗಲಿ’ ಎಂದು ರಾತ್ರಿಯಿಡೀ ಬಾಟಲಿ ಕೊಟ್ಟರೆ ಹಾಲು ಹೆಚ್ಚುವ ಹೊತ್ತನ್ನೇ ಕಳೆದುಕೊಂಡಂತೆ. ಅವಳಿಗೆ ನಿದ್ದೆ ಖಂಡಿತ ಬೇಕು. ಅದಕ್ಕೆ ಹಗಲಿನ ಮನೆಗೆಲಸವನ್ನು ಉಳಿದವರು ಹೊರಬೇಕು.

ಕುಡಿಸುವಾಗ ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಮಗುವಿನ ಬಾಯೊಳಗಿರಲಿ. ತೊಟ್ಟಷ್ಟೇ ಕಚ್ಚಿದರೆ ತಾಯಿಗೆ ನೋವು, ಮಗುವಿಗೆ ಹಾಲಿಲ್ಲ. ಒಂದು ಕಡೆ ಚೆನ್ನಾಗಿ ಕುಡಿದು ಬಿಟ್ಟ ಮೇಲೆ ಇನ್ನೊಂದು ಕಡೆ ಕೊಡಿ. ಎದೆಯಲ್ಲಿ ಹಾಲು ಕಟ್ಟಿಕೊಂಡಷ್ಟೂ ತಯಾರಿಕೆ ನಿಧಾನವಾಗುತ್ತದೆ. ಮಗುವಿಗೆ ಚೀಪಲು ತ್ರಾಣವಿಲ್ಲದಿದ್ದರೆ ಕೈಯಿಂದ ಹಿಂಡಿ, ಒಳಲೆಯಲ್ಲೋ ಚಮಚದಲ್ಲೋ ಕುಡಿಸಿ.

ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಧಾರಾಳವಾಗಿ ತಿನ್ನಲಿ, ಆದರೆ ಮಗು ಚೀಪದೆ ಬರೀ ಊಟದಿಂದ ಹಾಲು ಹೆಚ್ಚದು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಬಾಯಾರಿದಷ್ಟೂ ಕುಡಿಯಲಿ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ. ಐದನೇ ದಿನದ ನಂತರ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ಸುಮಾರು ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದರೆ ಸಾಲುತ್ತಿದೆ ಎಂದರ್ಥ. ಮಗು ಮಂಕಾಗಿ ಮಲಗೇ ಇದ್ದರೆ, ಮೈ ಹಳದಿಯಾದರೆ, ಉಚ್ಚೆ ಕಡಿಮೆಯಾದರೆ ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಮಾಸಿನ ಚೂರು ಒಳಗುಳಿದಿದ್ದರೆ ಅಥವಾ ಥೈರಾಯ್ಡ್ ತೊಂದರೆಯಿದ್ದರೂ ಹಾಲು ತಡವಾಗಬಹುದು, ಅದಕ್ಕೆ ಚಿಕಿತ್ಸೆಯಿದೆ. ಅಂಥ ಹೊತ್ತಿನಲ್ಲಿ ವೈದ್ಯರು ಪುಡಿ ಹಾಲು ಹೇಳಿದರೆ ಅಳುಕದೆ ಕೊಡಿ, ಜೊತೆಗೆ ಎದೆಗೂ ಹಾಕುತ್ತಿರಿ.