ಬಡಾವಣೆ ಗ್ರೂಪಿಗೆ ಅಡ್ಮಿನ್ ಆದವರು ಮಾಡಬೇಕಾದ ಕೆಲಸ

ಹಾಸನದಲ್ಲಿ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್. ಯಾರೂ ಆರಿಸಿದ್ದಲ್ಲ. ನೀರಿನ ಟ್ಯಾಂಕರ್ ದುಡ್ಡು ವಸೂಲಿ ಮಾಡುತ್ತಿದ್ದವಳು ನಾನು, ಗ್ರೂಪೂ ನನ್ನ ತಲೆಗೇ ಬಂತು. ಕರೆಂಟ್ ಹೋಯ್ತು, ಕಸದ ಗಾಡಿ ಬಂತು ಅನ್ನುವ ತನಕ ಏನೂ ಕಷ್ಟವಿಲ್ಲ. ಮಕ್ಕಳ ಕಳ್ಳರ ವಿಡಿಯೋ, ಎಲೆಕ್ಷನ್ ಮೆಸೇಜು ಬರತೊಡಗಿದಾಗ ಅಡ್ಮಿನ್‌ಗೆ ನಿಜವಾದ ಕೆಲಸ ಶುರು.

ಮಕ್ಕಳ ಕಳ್ಳರ ವಿಷಯ ಮೊದಲು ಹೇಳುತ್ತೇನೆ, ಅದರಲ್ಲಿ ಜೀವವೇ ಹೋಗುತ್ತೆ. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವು ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಊರವರಿಗೆ ಅನುಮಾನ ಬಂತು. ಜಗಳ ನೋಡಿ ಇವರು ಕಾರು ಹತ್ತಿದರು. ಅಷ್ಟರಲ್ಲಿ ವಿಡಿಯೋ ಗ್ರೂಪಿಗೆ ಬಿದ್ದಾಗಿತ್ತು. ಕಾರು ಮುರ್ಕಿ ಅನ್ನುವ ಹಳ್ಳಿ ಮುಟ್ಟುವ ಹೊತ್ತಿಗೆ ಅಲ್ಲಿನ ಜನ ರಸ್ತೆಗೆ ಅಡ್ಡ ನಿಂತಿದ್ದರು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಪ್ರಾಣ ಬಿಟ್ಟ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಬಂಧಿತರಲ್ಲಿ ಗ್ರೂಪಿನ ಅಡ್ಮಿನ್ನೂ ಇದ್ದ. ಅದೇ ವರ್ಷ ದೇಶವೆಲ್ಲ ಸುತ್ತಿದ ಇನ್ನೊಂದು ವಿಡಿಯೋದಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಪೂರ್ತಿ ನೋಡಿದರೆ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು ಬೋರ್ಡ್ ತೋರಿಸುತ್ತಾರೆ. ಆ ಕೊನೆಯನ್ನೇ ಯಾರೋ ಕತ್ತರಿಸಿದ್ದರು.

ಹಾಗಾಗಿ ಇಂಥದ್ದು ಬಂದರೆ ಮೊದಲು ಅಳಿಸಿ, ಆಮೇಲೆ ಪರೀಕ್ಷಿಸಿ. ನಿಮ್ಮ ಫೋನಿಗೆ ಒಂದು ಕಾಪಿ ಇಟ್ಟುಕೊಳ್ಳಿ. ಮೆಸೇಜನ್ನು ಒತ್ತಿ ಹಿಡಿದು 'ಎಲ್ಲರಿಗೂ ಅಳಿಸಿ' ಕೊಡಿ. ಬೇರೆಯವರು ಹಾಕಿದ್ದನ್ನೂ ಅಡ್ಮಿನ್ ಅಳಿಸಬಹುದು, ಎಷ್ಟೋ ಅಡ್ಮಿನ್‌ಗಳಿಗೆ ಇದೇ ಗೊತ್ತಿಲ್ಲ. ಮಾತು ಬಿಸಿಯಾಗುತ್ತಿದ್ದರೆ ಸೆಟ್ಟಿಂಗ್ಸಿಗೆ ಹೋಗಿ, ಅಡ್ಮಿನ್ ಮಾತ್ರ ಮೆಸೇಜ್ ಕಳಿಸುವಂತೆ ಮಾಡಿ. ಯಾರಾದರೂ 'ಏನ್ ಸರ್ವಾಧಿಕಾರನಾ?' ಅಂತಾರೆ. ಅನ್ನಲಿ ಬಿಡಿ.

ಈಗ ಪರೀಕ್ಷೆ. ಮೆಸೇಜಿನ ಮೇಲೆ ಎರಡು ಬಾಣ ಇದ್ದರೆ ಅದು ಸುಮಾರು ಕೈ ದಾಟಿ ಬಂದಿದೆ ಅಂತ ಅರ್ಥ. ಬಾಣ ಇಲ್ಲದಿದ್ದರೆ ಖಾಸಾ ಸುದ್ದಿ ಅಂತಲೂ ನಂಬಬೇಡಿ. ಕಾಪಿ ಮಾಡಿ ಅಂಟಿಸಿದರೆ, ಇಳಿಸಿಕೊಂಡು ಮತ್ತೆ ಏರಿಸಿದರೆ ಬಾಣ ಬರುವುದಿಲ್ಲ. ಆಮೇಲೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ. ಗಾಡಿ ನಂಬರ್ ಕೆಎ ಇದೆಯಾ? ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ? ಆಟೋ ಯಾವ ಬಣ್ಣ? ಸ್ಪಷ್ಟವಾಗಿರುವ ಒಂದು ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯದಾಗಿದ್ದರೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತೆ. ಬರಹವನ್ನೂ ಗಮನಿಸಿ. ಸುಳ್ಳು ಮೆಸೇಜಿನಲ್ಲಿ ತಾರೀಖು ಇರೋದು ಅಪರೂಪ. 'ನಿನ್ನೆ ರಾತ್ರಿ ನಮ್ಮ ಪಕ್ಕದ ಊರಲ್ಲಿ' ಅಂತ ಬರೆದರೆ ಅದು ಯಾವ ದಿನಕ್ಕೂ, ಯಾವ ಊರಿಗೂ ಹೊಂದುತ್ತೆ ಅಲ್ವಾ? ಇಷ್ಟಾದರೂ ಅನುಮಾನ ಉಳಿದರೆ ನಿಮ್ಮ ಠಾಣೆಗೆ ಫೋನ್ ಮಾಡಿ ಕೇಳಿ. ಕಣ್ಣೆದುರೇ ಏನಾದರೂ ನಡೆಯುತ್ತಿದ್ದರೆ 112.

ಕಳಿಸಿದವರನ್ನು ಗ್ರೂಪಿನಲ್ಲೇ ತರಾಟೆಗೆ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ಇಂಥದ್ದನ್ನು ಜಾಸ್ತಿ ಕಳಿಸೋದು ಹಿರಿಯರು, ಅದೂ ಕಾಳಜಿಯಿಂದಲೇ. ಎಲ್ಲರೆದುರು ಸುಳ್ಳು ಅಂದರೆ ಹಟಕ್ಕೆ ಬಿದ್ದು ಇನ್ನೆರಡು ಕಳಿಸುತ್ತಾರೆ. ನಾನು ಫೋನ್ ಮಾಡಿ, 'ಅಂಕಲ್, ಆ ವಿಡಿಯೋ ನಿಮಗೆ ಯಾರು ಕಳಿಸಿದ್ದು?' ಅಂತ ಮಾತ್ರ ಕೇಳುತ್ತೇನೆ. 'ಯಾರೋ ಕಣಮ್ಮಾ, ನಮ್ಮ ರಿಟೈರ್ಡ್ ಗ್ರೂಪಲ್ಲಿ ಬಂದಿತ್ತು' ಅನ್ನುತ್ತಾರೆ. 'ಅವರನ್ನೂ ಒಂದು ಮಾತು ಕೇಳ್ತೀರಾ?' ಅಂದರೆ ಸಾಕು, ಮುಂದಿನ ಸಲ ನಮಗೆ ಕಳಿಸುವ ಮೊದಲು ಅವರೇ ಅಲ್ಲಿ ಕೇಳಿರುತ್ತಾರೆ.

ಎಲೆಕ್ಷನ್ ಹತ್ತಿರ ಬಂದಾಗ ಇನ್ನೊಂದು ತಪ್ಪದೆ ಬರುತ್ತೆ. 'ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ಚಾಲೆಂಜ್ ವೋಟ್ ಕೇಳಿ. ಟೆಂಡರ್ ವೋಟ್ ಶೇ. 14 ದಾಟಿದರೆ ಮರುಮತದಾನ.' ಇದರಲ್ಲಿ ಕಾಲು ಭಾಗ ನಿಜ, ಅದಕ್ಕೇ ಜನ ನಂಬುತ್ತಾರೆ. ನಿಮ್ಮ ವೋಟನ್ನು ಬೇರೆ ಯಾರೋ ಹಾಕಿ ಹೋಗಿದ್ದರೆ ಟೆಂಡರ್ ವೋಟ್ ಕೇಳುವ ಹಕ್ಕಿದೆ. ಶೇ. 14ರ ಕಥೆ ಸುಳ್ಳು. ಚಾಲೆಂಜ್ ಅನ್ನೋದು ಮತದಾರರ ಗುರುತಿನ ಬಗ್ಗೆ ಪಕ್ಷದ ಏಜೆಂಟ್ ಎತ್ತುವ ತಕರಾರು. ಪಟ್ಟಿಯಲ್ಲಿ ಹೆಸರಿಲ್ಲದವರು ಏನು ತೋರಿಸಿದರೂ ವೋಟು ಹಾಕಲಾಗದು. ಇದನ್ನು ನಂಬಿ ಕೂತವರು ಮತದಾನದ ದಿನ ಬೂತಿನಿಂದ ವಾಪಸ್ ಬರುತ್ತಾರೆ. ಅದಕ್ಕೆ ತಿಂಗಳುಗಳ ಮೊದಲೇ ಗ್ರೂಪಿನಲ್ಲಿ ಹಾಕಿ: ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಹೆಸರು ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಹೆಸರು ಸೇರಿಸುವ ಫಾರಂ 6 ತುಂಬಿ.

ಗ್ರೂಪಿನಲ್ಲಿ ಹಾಕಿದ್ದು ಗ್ರೂಪಿನಲ್ಲೇ ಇರುತ್ತೆ ಅನ್ನೋದು ಭ್ರಮೆ. ಆಧಾರ್ ಫೋಟೋ, ವೋಟರ್ ಐಡಿ, ಶಾಲೆಯ ಹೆಸರು ಕಾಣುವ ಮಕ್ಕಳ ಫೋಟೋ ಬಂದ ಕೂಡಲೇ ತೆಗೆಯಿರಿ. ನಿಜವಾಗಿಯೂ ಮಗು ಕಾಣೆಯಾಗಿದ್ದರೆ ಫೋಟೋ ಬದಲು ಪೊಲೀಸರ ಪೋಸ್ಟಿನ ಲಿಂಕ್ ಕಳಿಸಿ. ಮಗು ಸಿಕ್ಕ ಮೇಲೆ ಅವರು ಪೋಸ್ಟ್ ತೆಗೆಯಬಹುದು. ಫೋಟೋ ಹಾಗಲ್ಲ, ಆ ಮಗು ಕಾಲೇಜಿಗೆ ಹೋದರೂ ಅದು ಸುತ್ತುತ್ತಲೇ ಇರುತ್ತೆ. ಗ್ರೂಪಿನ ಲಿಂಕನ್ನು ಯಾರಾದರೂ ಫೇಸ್‌ಬುಕ್‌ಗೆ ಹಾಕಿದ್ದು ಕಂಡರೆ ರೀಸೆಟ್ ಮಾಡಿ, ಇಲ್ಲದಿದ್ದರೆ ಯಾರು ಬೇಕಾದರೂ ಒಳಗೆ ಬಂದು ಎಲ್ಲರ ನಂಬರ್ ಎತ್ತಿಕೊಳ್ಳಬಹುದು.

ಕೇಸ್ ಬೀಳುತ್ತಾ ಅಂತ ಹೆದರುವವರಿಗೆ ಒಂದು ಮಾತು. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಅಂತ 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆದರೆ ಅಡ್ಮಿನ್ನೇ ಹಂಚಿದರೆ ಆ ಮಾತು ಕಾಪಾಡೋದಿಲ್ಲ.

ಕೊನೆಯದಾಗಿ, ಒಬ್ಬರೇ ಅಡ್ಮಿನ್ ಆಗಿರಬೇಡಿ. ಇಂಥ ವಿಡಿಯೋ ನೀವು ಮಲಗಿದ ಮೇಲೂ ಬರುತ್ತೆ. ತಡರಾತ್ರಿ ಎದ್ದಿರುವ, ಸುಮ್ನೆ ಗಾಬರಿಯಾಗದ ಒಬ್ಬರನ್ನು ಹುಡುಕಿ. ನಮ್ಮಲ್ಲಿ ಅದು ನೈಟ್ ಡ್ಯೂಟಿ ಮಾಡುವ ಒಬ್ಬ ನರ್ಸ್.